ಅಕ್ಕನ ಕೆಂಪು ಬಟನ್

ನನ್ನ ಎದೆಬಡಿತ ಇನ್ನೂ ಸರಿಹೋಗಿಲ್ಲ. ಆದರೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ತಲೆ ಕೆಟ್ಟುಹೋಗುತ್ತದೆ.

ಅಕ್ಕ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ದಾಸ್ತಾನು ನೋಡಿಕೊಳ್ಳುತ್ತಾಳೆ. ಅದೇ ಕಂಪನಿಯ ಎದುರು ಕಟ್ಟಡದಲ್ಲಿ ಕೂತು ನಾನು ಕೋಡ್ ಬರೆಯುತ್ತೇನೆ. ಹಿಮದಲ್ಲಿ ಓಡಾಡುವವಳು ಅವಳು, ವರ್ಷವಿಡೀ ನೆಗಡಿ ಮಾತ್ರ ನನಗೆ.

ಅವಳ ಶೀತಲಕೋಣೆಯ ಒಳಗೆ, ಬಾಗಿಲ ಪಕ್ಕ ಒಂದು ಕೆಂಪು ಬಟನ್ ಇದೆ. ಒಳಗೆ ಯಾರಾದರೂ ಸಿಕ್ಕಿಬಿದ್ದು ಅದನ್ನು ಒತ್ತಿದರೆ ನನ್ನ ಕಂಪ್ಯೂಟರ್ ಬಾಯಿ ಬಡಿದುಕೊಳ್ಳಬೇಕು. ಅಕ್ಕನೋ, ದಿನಾ ಬೆಳಿಗ್ಗೆ ಒಳಗೆ ಕಾಲಿಟ್ಟ ಕೂಡಲೇ ಅದನ್ನು ಒಂದು ಸಲ ಒತ್ತುತ್ತಿದ್ದಳು, ‘ಬಂದೆ ಕಣೇ’ ಅನ್ನುವುದಕ್ಕೆ. ಒಮ್ಮೆ ಮ್ಯಾನೇಜರ್ ಎದುರಿಗೇ ಅದು ಬಡಿದುಕೊಂಡು ನನ್ನ ಮಾನ ಹರಾಜಾಯಿತು. ಸಂಜೆ ಬಸ್ಸಿನಲ್ಲಿ ರೇಗಿದೆ.

“ಅಕ್ಕಾ, ಅದೇನು ಕಾಲಿಂಗ್ ಬೆಲ್ಲಾ? ಇನ್ನೊಂದ್ಸಲ ಒತ್ತು, ನಾನು ತಿರುಗೀನೂ ನೋಡಲ್ಲ.”

“ಆಯ್ತು ಮಹಾರಾಣಿ,” ಎಂದು ಮುಖ ಚಿಕ್ಕದು ಮಾಡಿಕೊಂಡು ಕಿಟಕಿ ಕಡೆ ತಿರುಗಿದಳು.

ಮರುದಿನ ಬೆಳಿಗ್ಗೆ ಸದ್ದಿಲ್ಲ. ಅಂತೂ ಬುದ್ಧಿ ಬಂತಲ್ಲ ಅಂದುಕೊಂಡೆ.

ನಮ್ಮಲ್ಲಿ ಯಾವ ಯಂತ್ರವೂ ಇನ್ನೊಂದರ ಜೊತೆ ನೇರವಾಗಿ ಮಾತಾಡುವಂತಿಲ್ಲ; ನಡುವೆ ಮಾತು ದಾಟಿಸುವ ಪ್ರಾಕ್ಸಿ ಸರ್ವರ್ ಕೂತಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಅವತ್ತು ಬೆಳಿಗ್ಗೆಯಷ್ಟೇ ಹಳೆಯ ಪ್ರಾಕ್ಸಿ ತೆಗೆದು ಹೊಸದನ್ನು ಹಾಕಿದ್ದರು, ನಾನೂ ಕೋಡ್ ಬದಲಿಸಿದ್ದೆ. ಮೊದಲು ಪ್ರಾಕ್ಸಿಯನ್ನು ಶೀತಲಕೋಣೆಯವರೆಗೆ ದಾರಿ ಬಿಡು ಎಂದು ಕೇಳಬೇಕು. ಬಿಟ್ಟ ಮೇಲೆ ಅಲ್ಲಿನ ಯಂತ್ರಕ್ಕೆ, ಈ ಲೈನ್ ಮುಚ್ಚಬೇಡ, ತೆರೆದೇ ಇಟ್ಟಿರು ಎನ್ನಬೇಕು. ಮಾತಿಲ್ಲದ ಲೈನನ್ನು ಪ್ರಾಕ್ಸಿ ಕತ್ತರಿಸಿಬಿಡುತ್ತದೆ. ಅದಕ್ಕೇ ನನ್ನ ಕೋಡ್ ಆಗಾಗ ‘ಇದ್ದೀಯಾ?’ ಎಂದು ಕೇಳುತ್ತದೆ. ‘ಇದ್ದೀನಿ’ ಎಂದು ಉತ್ತರ ಬಂದರೆ ಹಸಿರು ದೀಪ ಉರಿಯುತ್ತದೆ. ಅವತ್ತು ದೀಪ ಒಮ್ಮೆಯೂ ಆರಲಿಲ್ಲ. ನಾನು ಉಬ್ಬಿಹೋಗಿ ಮ್ಯಾನೇಜರನ್ನು ಕರೆದೆ.

“ನೋಡಿ ಸರ್, ಬೆಳಿಗ್ಗೆಯಿಂದ ಒಂದ್ಸಲಾನೂ ಕಟ್ ಆಗಿಲ್ಲ.”

“ಭೇಷ್! ಎಲ್ಲಿ, ಒಳಗಿನ ಟೆಂಪರೇಚರ್ ತೋರಿಸಿ.”

ತೋರಿಸಿದೆ. ಗೆರೆ ಸ್ಕೇಲ್ ಇಟ್ಟು ಎಳೆದಷ್ಟು ನೇರವಾಗಿತ್ತು. ಬಾಗಿಲು ತೆರೆದು ಮುಚ್ಚುತ್ತಲೇ ಇರುವ ಕೋಣೆಯದು! ಒಂದು ಕೂದಲೆಳೆಯಷ್ಟಾದರೂ ಏರಿಳಿಯಬೇಕಲ್ಲವೇ?

ಆಗ ಹೊಳೆಯಿತು. ‘ಇದ್ದೀನಿ’ ಎನ್ನುತ್ತಿದ್ದದ್ದು ಶೀತಲಕೋಣೆಯಲ್ಲ, ಹೊಸ ಪ್ರಾಕ್ಸಿ. ಕ್ಲಾಸಿಗೆ ಬಾರದ ಗೆಳತಿಯ ಹಾಜರಿಗೆ ತಾನೇ ‘ಎಸ್ ಮಿಸ್’ ಅನ್ನುವ ಹುಡುಗಿಯ ಹಾಗೆ. ಅದರಾಚೆಯ ಲೈನ್ ಬೆಳಿಗ್ಗೆಯೇ ಸತ್ತಿತ್ತು. ನಾನು ನೋಡುತ್ತಿದ್ದದ್ದು ಸಾಯುವ ಮೊದಲು ಬಂದ ಕೊನೆಯ ಅಂಕಿಯನ್ನು.

ಕೆಂಪು ಬಟನ್ನಿನ ಕರೆಯೂ ಅದೇ ಲೈನಿನಲ್ಲಿ ಬರಬೇಕಿತ್ತು. ಹಾಗಾದರೆ ಅಕ್ಕ?

ಮೆಟ್ಟಿಲು ಹೇಗೆ ಇಳಿದೆನೋ ಗೊತ್ತಿಲ್ಲ. ಅಂಗಳದಲ್ಲಿ ಎಲ್ಲರೂ ಲಾರಿಗೆ ಸರಕು ತುಂಬುವುದರಲ್ಲಿ ಮುಳುಗಿದ್ದರು. ಅಕ್ಕನ ಮೇಜಿನ ಮೇಲೆ ಅವಳ ಮೊಬೈಲ್, ಊಟದ ಡಬ್ಬಿ ಎರಡೂ ಇದ್ದವು, ಊಟದ ಹೊತ್ತಾಗಿದ್ದರೂ ಡಬ್ಬಿ ತೆರೆದಿರಲಿಲ್ಲ. ಶೀತಲಕೋಣೆಯ ಬಾಗಿಲು ಜಗ್ಗಿದರೆ ಬರಲೊಲ್ಲದು. ಹಿಂದೆಯೇ ಓಡಿಬಂದ ಮ್ಯಾನೇಜರೂ ಕೈ ಹಾಕಿದ ಮೇಲೆ ಕಿರ್ ಎಂದು ಬಿಟ್ಟುಕೊಂಡಿತು. ಒಳಗಿನ ಹಿಡಿಕೆ ಹೆಪ್ಪುಗಟ್ಟಿ ಕಲ್ಲಾಗಿತ್ತು.

ಅಕ್ಕ ದೂರದ ಮೂಲೆಯಲ್ಲಿ, ಪೆಟ್ಟಿಗೆಗಳ ನಡುವೆ, ರಟ್ಟು ಹೊದ್ದು ಮುದುಡಿ ಕೂತಿದ್ದಳು. ಹುಬ್ಬು ಬೆಳ್ಳಗಾಗಿತ್ತು. ಕರೆದರೆ ಕತ್ತೆತ್ತಲಿಲ್ಲ. ಹೋದಳು ಅಂದುಕೊಂಡೆ. ಆ ಕ್ಷಣವನ್ನು ವೈರಿಗೂ ಬಯಸಲಾರೆ.

ಬಿಸಿಲಿಗೆ ತಂದು ಕೂರಿಸಿ, ಮೈ ಉಜ್ಜಿ ಉಜ್ಜಿ, ಅವಳ ಹಲ್ಲು ಕಟಕಟ ಅನ್ನತೊಡಗಿದಾಗ ನನಗೆ ಅಳು ಒತ್ತರಿಸಿ ಬಂತು.

“ಒತ್ತಿದೆ ಕಣೇ,” ಎಂದಳು. “ಎಷ್ಟೊಂದು ಸಲ ಒತ್ತಿದೆ.”

“ಒಂದೂ ಬರ್ಲಿಲ್ಲ ಅಕ್ಕಾ! ನಿನ್ನಾಣೆ. ಲೈನೇ ಸತ್ತುಹೋಗಿತ್ತು.”

ಅವಳು ನನ್ನ ಮುಖವನ್ನೇ ನೋಡಿದಳು.

“ಲೈನಾ?” ಎಂದಳು. “ನೀನು ಸಿಟ್ಟಿಗೆ ತಿರುಗಿ ನೋಡ್ತಿಲ್ಲ ಅಂದ್ಕೊಂಡೆ. ಅದಕ್ಕೇ ಆಮೇಲೆ ಒತ್ತೋದೇ ಬಿಟ್ಬಿಟ್ಟೆ.”