ತುಂಬಿದ ಡಬ್ಬಕ್ಕೆ ಕರೆಂಟಿಲ್ಲ

ಕುಂದಲಹಳ್ಳಿಯ ಲಕ್ಷ್ಮಣಪ್ಪನಿಗೆ ಈಗ ಸಿಕ್ಕಿರುವ ಕೆಲಸ ಎಂಥದ್ದು ಅಂತ ಹೇಳಿದರೆ ನಿಮಗೆ ನಗು ಬರುತ್ತದೆ. ನಗಬೇಡಿ. ಮೂವತ್ತೆರಡು ವರ್ಷ ಹಿಟ್ಟಿನ ಮಿಲ್ಲು ನಡೆಸಿದ ಮನುಷ್ಯ, ಅದೇ ಮಿಲ್ಲಿನಲ್ಲಿ, ಅದೇ ಸ್ಟೂಲಿನ ಮೇಲೆ ಕೂತು, ಹಿಟ್ಟಿನ ಮಿಲ್ಲಿನವನ ಹಾಗೆ ನಟಿಸಬೇಕು.

ಆದದ್ದಿಷ್ಟು. ಜನ ಪ್ಯಾಕೆಟ್ ಹಿಟ್ಟಿಗೆ ಬಿದ್ದ ಮೇಲೆ ಮಿಲ್ಲಿಗೆ ಬೀಗ ಬಿತ್ತು. ಆಗ ಬಂದ ಈ ಸಿದ್ದಾರ್ಥ್. ದಾವಣಗೆರೆ ಕಡೆಯವರ ಮಗ, ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ವಾಸ, ಮಾತು ಬಲು ನಯ. ಮಿಲ್ಲಿನ ಹಿಂದಿನ ಗೋಡೌನನ್ನು ಬಾಡಿಗೆಗೆ ಹಿಡಿದು ಒಳಗೊಂದು ಗುಟ್ಟಿನ ಬಾರ್ ಮಾಡಿದ. ಲೈಸೆನ್ಸು ಗೀಸೆನ್ಸು ಎಲ್ಲ ಸರಿಯಾಗಿಯೇ ಇದೆ. ಗುಟ್ಟು ಬರೀ ಶೋಕಿಗೆ. ಕರಿಬೇವಿನ ಎಲೆಯೊಂದನ್ನು ಬಟ್ಟೆ ಕ್ಲಿಪ್ಪಿನಿಂದ ಗ್ಲಾಸಿಗೆ ಸಿಕ್ಕಿಸಿ, ಹುಣಸೆಹಣ್ಣು ಬೆಲ್ಲ ಹಾಕಿದ ವಿಸ್ಕಿ ಕೊಡುತ್ತಾರೆ. ಅದನ್ನು ಕುಡಿಯಲು ಜನ ಮಾರತ್ತಹಳ್ಳಿ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಒದ್ದಾಡಿಕೊಂಡು ಬರುತ್ತಾರೆ. ಬರಲಿ, ನಮಗೇನು.

"ಅಂಕಲ್, ನೀವು ಏನೂ ಚೇಂಜ್ ಮಾಡ್ಬೇಡಿ. ಹೆಂಗಿದ್ರೋ ಹಂಗೇ ಇರಿ," ಅಂದಿದ್ದ ಸಿದ್ದಾರ್ಥ್. ಅಂದವನೇ ನಿಯಮ ಹೇಳಿಕೊಟ್ಟ. ಖಾಲಿ ಡಬ್ಬ ತಂದು ತಕ್ಕಡಿಯ ಮೇಲಿಟ್ಟವರು ಬಾರಿನ ಗಿರಾಕಿಗಳು. ಅವರಿಗೆ ಹಿಂದಿನ ಗೋಣಿಚೀಲಗಳನ್ನು ಪಕ್ಕಕ್ಕೆ ಸರಿಸಬೇಕು. ಚೀಲಗಳ ಅಡಿಯಲ್ಲಿ ಚಕ್ರ, ಹಿಂದೆ ಬಾಗಿಲು. ತುಂಬಿದ ಡಬ್ಬ ತಂದವರಿಗೆ ಮಾತ್ರ "ಕರೆಂಟಿಲ್ಲ, ನಾಳೆ ಬನ್ನಿ" ಅನ್ನಬೇಕು. ಸಾಲದ್ದಕ್ಕೆ ದಿನಾ ಐದೂವರೆಗೆ ಕಾವ್ಯಾ ಎಂಬ ಹುಡುಗಿ ಬಂದು ಲಕ್ಷ್ಮಣಪ್ಪನ ಹುಬ್ಬಿಗೂ ಮೀಸೆಗೂ ಮೈದಾ ಹಚ್ಚುತ್ತಿದ್ದಳು.

"ರಾಗಿ ಮಿಲ್ಲಲ್ಲಿ ಮೈದಾ ಎಲ್ಲಿಂದ ಬರುತ್ತಮ್ಮ ತಾಯಿ?"

"ಫೋಟೋಲಿ ವೈಟೇ ಚೆನ್ನಾಗ್ ಕಾಣ್ಸೋದು ಅಂಕಲ್."

ಸಿದ್ದಾರ್ಥನಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಕುಂದಲಹಳ್ಳಿಯ ಹೆಂಗಸರಿಗೆ ಕರೆಂಟಿಲ್ಲ ಅಂದರೆ ಅವರು ಡಬ್ಬ ಹೊತ್ತುಕೊಂಡು ವಾಪಸ್ಸು ಹೋಗುವವರಲ್ಲ. ಡಬ್ಬವನ್ನು ಸಾಲಿನಲ್ಲಿಟ್ಟು, "ಬಂದಾಗ ಹಾಕಿಡು" ಅಂತ ಹೇಳಿ ತಾವು ಮಾತ್ರ ಹೋಗುತ್ತಾರೆ. ಮಿಲ್ಲು ಮತ್ತೆ ತೆರೆದಿದೆ ಅಂತ ಸುದ್ದಿಯಾದದ್ದೇ ತಡ, ಗೋಡೆಯುದ್ದಕ್ಕೂ ಹತ್ತೊಂಬತ್ತು ಡಬ್ಬ ನಿಂತವು. ಬಾರಿನ ಗಿರಾಕಿಗಳು ಇದೇ ಕ್ಯೂ ಇರಬೇಕು ಅಂದುಕೊಂಡು ಅವುಗಳ ಹಿಂದೆ ಹೆಲ್ಮೆಟ್ಟು, ಲ್ಯಾಪ್‌ಟಾಪ್ ಬ್ಯಾಗು ಇಡತೊಡಗಿದರು. ಸಿದ್ದಾರ್ಥ್ ಅದನ್ನು ನೋಡಿ ಕುಣಿದಾಡಿದ. ಲಕ್ಷ್ಮಣಪ್ಪ ಮಾತ್ರ ಡಬ್ಬಗಳ ಮುಚ್ಚಳ ತೆಗೆದು ತೆಗೆದು ನೋಡುತ್ತಿದ್ದ. ಮಿಷನ್ನು ಸರಿಯಾಗಿದೆ, ಕೈಗೆ ತುರಿಕೆ ಹತ್ತಿದೆ, ರಾಗಿ ಕಣ್ಣೆದುರಿಗಿದೆ. ಆದರೆ ಕರೆಂಟಿನ ಲೈನು ಒಂದೇ. ಗೋಡೆಯ ಮೇನ್ ಸ್ವಿಚ್ಚಿನ ಹಿಡಿಕೆ ಮೇಲಿದ್ದರೆ ಮಿಲ್ಲು, ಕೆಳಗಿದ್ದರೆ ಬಾರಿನ ಐಸ್ ಮಿಷನ್ನು. ಬಾರು ತೆರೆದ ನಾಲ್ಕು ತಿಂಗಳಿಂದ ಅದು ಕೆಳಗೇ ಇತ್ತು.

ಶನಿವಾರ ಸಂಜೆ ಆರೂವರೆಗೆ ಚಿಕ್ಕಮುನಿಯಮ್ಮ ಬಂದಳು. ಲಕ್ಷ್ಮಣಪ್ಪನ ಖಾಸಾ ಅಕ್ಕ, ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಗುರುವಾರದಿಂದ ಇದು ಮೂರನೇ ಸಲ.

"ಬಂತೇನೋ ಕರೆಂಟು?"

"ಇಲ್ಲ ಕಣಕ್ಕ."

ಅವಳು ತಲೆಯೆತ್ತಿ ನೋಡಿದಳು. "ಫ್ಯಾನ್ ತಿರುಗ್ತಾ ಐತಲ್ಲೋ."

"ಅದು ಯುಪಿಎಸ್ಸು."

ಅಷ್ಟರಲ್ಲಿ ಗೋಣಿಚೀಲದ ಹಿಂದೆ ಐಸು ದಬದಬ ಉದುರಿತು.

"ಅದೇನೋ ಒಳಗೆ ಸದ್ದು?"

"ಇಲಿ ಅಕ್ಕ."

"ಆನೆಗಾತ್ರದ ಇಲಿ ಇರ್ಬೇಕು," ಎಂದು ಅವಳು ಬೆಂಚಿನ ಮೇಲೆ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. "ನಮ್ ಮೊಮ್ಮಗ್ಳು ವೇಣಿಯ ಮಗೀಗೆ ನಾಳೆ ಆರ್ ತಿಂಗ್ಳು ತುಂಬ್ತದೆ. ರಾಗಿ ಸರಿ ತಿನ್ಸಬೇಕು. ಮೊಳಕೆ ಕಟ್ಟಿ, ನೆರಳಲ್ಲಿ ಒಣಗ್ಸಿ, ಉರಿದು ತಂದಿವ್ನಿ. ಕರೆಂಟ್ ಬರೋಗಂಟ ಏಳಾಕಿಲ್ಲ."

ಆಗಲೇ ಇಬ್ಬರು ಹುಡುಗರು ಖಾಲಿ ಡಬ್ಬ ತಂದು ತಕ್ಕಡಿಯ ಮೇಲಿಟ್ಟರು. ಲಕ್ಷ್ಮಣಪ್ಪ ಅಕ್ಕನ ಮುಖ ನೋಡದೆ ಚೀಲ ಸರಿಸಿದ. ಹುಡುಗರು ಒಳಗೆ ಹೋದರು. ಹೋಗುವ ಮುಂಚೆ ಚಿಕ್ಕಮುನಿಯಮ್ಮನ ಫೋಟೋ ತೆಗೆದುಕೊಂಡು, "ಸಕ್ಕತ್ತಾಗಿದೆ ಮಗಾ, ಅಜ್ಜೀನೂ ಇಟ್ಟವ್ರೆ" ಅಂದರು.

ಚಿಕ್ಕಮುನಿಯಮ್ಮ ಸರಿದ ಚೀಲಗಳ ಕಡೆ ನೋಡಿದಳು. ಆಮೇಲೆ ಮೆತ್ತಗೆ ಅಂದಳು. "ಖಾಲಿ ಡಬ್ಬದೋರ್ನ ಒಳಕ್ಕೆ ಬಿಟ್ಟೆ. ತುಂಬಿದ ಡಬ್ಬ ತಂದೋಳ್ನ ಆಚೆ ಕೂರ್ಸಿದ್ದೀಯ. ಕೈಲಾಗಲ್ಲ ಅಂದ್ರೆ ಆಗಲ್ಲ ಅನ್ನೋ ಲಕ್ಷ್ಮಣ. ವಯಸ್ಸಾಯ್ತು, ಕೆಲ್ಸ ಮರತೋಯ್ತು ಅನ್ನು. ನಾನು ಬೇರೆ ಮಿಲ್ಲಿಗೆ ಓಯ್ತೀನಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಮರೆತುಹೋಯ್ತು ಅಂದದ್ದು ಎದೆಗೆ ಹೋಗಿ ನಾಟಿತು. ಅವನು ಎದ್ದು, ಹೆಗಲ ಮೇಲಿನ ಟವೆಲಿನಿಂದ ಮುಖದ ಮೈದಾ ಒರೆಸಿಕೊಂಡು, ಗೋಡೆಯ ಹಿಡಿಕೆಗೆ ಕೈ ಹಾಕಿದ. ಒಳಗಿನಿಂದ ಸಿದ್ದಾರ್ಥ್ ಓಡಿಬಂದ.

"ಅಂಕಲ್, ಬೇಡ ಅಂಕಲ್! ಒಳಗೆ ಮ್ಯಾಗಜೀನ್‌ನವ್ರು ಕೂತಿದಾರೆ. ಐಸ್ ನಿಂತ್ರೆ ನನ್ ಕಥೆ ಮುಗೀತು!"

"ನಿನ್ ಐಸ್ ಮನೆ ಹಾಳಾಗ್ಲಿ. ನಾಳೆ ಕೂಸು ಉಣ್ಬೇಕು," ಎಂದು ಲಕ್ಷ್ಮಣಪ್ಪ ಹಿಡಿಕೆಯನ್ನು ಮೇಲಕ್ಕೆ ಎಳೆದ.

ಅಬ್ಬಬ್ಬಾ, ಏನು ಸದ್ದು! ಬೆಲ್ಟು ಪಟಪಟ ಹೊಡೆದುಕೊಂಡಿತು, ಶೀಟು ನಡುಗಿತು, ಒಳಗಿನ ಗ್ಲಾಸುಗಳೆಲ್ಲ ಕಿಣಿಕಿಣಿ ಅಂದವು. ಮೊದಲು ಒಂದು ಹಿಡಿ ರಾಗಿ ಹಾಕಿ ಕಲ್ಲು ತೊಳೆದ. ಕೂಸಿನ ಹಿಟ್ಟಿಗೆ ಹಳೇ ಧೂಳು ಸೇರಬಾರದು. ಆಮೇಲೆ ಅಕ್ಕನ ಡಬ್ಬ ಸುರಿದ. ಗಿರಾಕಿಗಳು ಗ್ಲಾಸು ಹಿಡಿದುಕೊಂಡೇ ಚೀಲಗಳ ಹಿಂದಿನಿಂದ ಈಚೆ ಬಂದರು. ಇದೂ ಪ್ರೋಗ್ರಾಮು ಅಂದುಕೊಂಡು ಚಪ್ಪಾಳೆ ಹೊಡೆದರು, ವಿಡಿಯೋ ತೆಗೆದರು. ತಲೆ ಮೇಲೆ ಕೈ ಹೊತ್ತು ನಿಂತಿದ್ದ ಸಿದ್ದಾರ್ಥ್, ಅಷ್ಟೂ ಫೋನುಗಳನ್ನು ನೋಡಿ ಕೈ ಇಳಿಸಿ, "ಪ್ರತಿ ಶನಿವಾರ ಇರುತ್ತೆ ಸಾರ್" ಅಂತ ಮ್ಯಾಗಜೀನಿನವನ ಕಿವಿಯಲ್ಲಿ ಕೂಗಿದ. "ಸೂಪರ್ ಅಂಕಲ್, ಒರಿಜಿನಲ್ ಥರಾನೇ ಇದೆ!" ಅಂದ ಒಬ್ಬ.

ಲಕ್ಷ್ಮಣಪ್ಪನಿಗೆ ಅವರು ಯಾರೂ ಬೇಕಿರಲಿಲ್ಲ. ಅವನು ನೋಡುತ್ತಿದ್ದದ್ದು ಅಕ್ಕನ ಕೈಯನ್ನು. ಅವಳು ಬಿಸಿ ಹಿಟ್ಟನ್ನು ಚಿಟಿಕೆಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ನೋಡಿ, ಮುಖ ಗಂಟಿಕ್ಕಿದಳು.

"ತರಿ ತರಿ ಆಗೈತೆ ಕಣೋ. ಕೂಸಿನ ಗಂಟಲಿಗೆ ಸಿಗಾಕ್ಕೊಳ್ತದೆ. ಇದೇನಾ ನೀನು ಇಷ್ಟ್ ವರ್ಸ ಕಲ್ತಿದ್ದು? ಇನ್ನೊಂದ್ ಸಲ ಹಾಕು."

ನಾಲ್ಕು ತಿಂಗಳಿಂದ ಸಾವಿರ ಜನ ಅವನನ್ನು ಹೊಗಳಿದ್ದರು. ಕೆಲಸ ಸರಿಯಿಲ್ಲ ಅಂತ ಹೇಳಿದವರು ಒಬ್ಬರೂ ಇರಲಿಲ್ಲ. ಲಕ್ಷ್ಮಣಪ್ಪನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕಣ್ಣು ತುಂಬಿ ಬಂತು.

"ಹಾಕ್ತೀನಿ ಕಣಕ್ಕ, ಬೈಬೇಡ," ಎಂದು ಕಲ್ಲನ್ನು ಇನ್ನೊಂದು ಸುತ್ತು ಬಿಗಿದು, ಹಿಟ್ಟನ್ನೆಲ್ಲ ಮತ್ತೆ ಮೇಲಕ್ಕೆ ಸುರಿದ.