ಒಂದನೇ ನಂಬರಿನ ಚೀಟಿ

ಸಾಲಿನಲ್ಲಿ ನಿಲ್ಲುವುದು ನನ್ನ ಕಸುಬು. ಸರ್ಕಾರದ ಸಮಿತಿ ಸಾರ್ವಜನಿಕರ ಅಹವಾಲು ಕೇಳುವ ದಿನ ಬೆಳಿಗ್ಗೆ ಐದಕ್ಕೇ ಗೇಟಿನ ಮುಂದೆ ನಿಂತು, ಮಾತಾಡುವ ಚೀಟಿ ಹಿಡಿಯಬೇಕು. ಇರುವುದು ಇಪ್ಪತ್ತೇ ಚೀಟಿ. ನಾವು ಇಪ್ಪತ್ತು ಜನ ನಿಂತುಬಿಟ್ಟರೆ, ನಿಜವಾಗಿ ಅಹವಾಲಿದ್ದವರು ಪ್ರಜಾಪ್ರಭುತ್ವವನ್ನು ಕಿಟಕಿಯಿಂದ ನೋಡಬಹುದು. ಅಷ್ಟು ಸೌಲಭ್ಯ ಮಾಡಿದ್ದಾರೆ.

ಆ ದಿನ ನಮ್ಮನ್ನು ನಿಲ್ಲಿಸಿದ್ದು ಲಾರಿ ಮಾಲೀಕರ ಸಂಘ. ಸಮಿತಿಯ ಗುಮಾಸ್ತ ಇಪ್ಪತ್ತೂ ಜನರ ಹೆಸರಿನ ಮುಂದೆ 'ಸಂಘದ ಪ್ರತಿನಿಧಿ' ಎಂದು ಬರೆದುಕೊಂಡ. ನನಗೆ ಒಂದನೇ ನಂಬರು. ಹತ್ತಕ್ಕೆ ಸಂಘದ ಕಾರ್ಯದರ್ಶಿ ಬಂದು ಅದನ್ನು ಇಸಿದುಕೊಂಡು ಭಾಷಣ ಮಾಡುತ್ತಾರೆ. ಉಳಿದ ಹತ್ತೊಂಬತ್ತು ಜನಕ್ಕೆ ನಮ್ಮ ಮೇಸ್ತ್ರಿ ಒಂದೊಂದು ಹಾಳೆ ಹಂಚಿದ: 'ಒಂದನೇ ಪ್ರತಿನಿಧಿಯ ಮಾತಿಗೆ ನನ್ನ ಪೂರ್ಣ ಬೆಂಬಲವಿದೆ.' ತಲೆಗೆ ಒಂದೇ ಸಾಲು. ಪಾಪ, ಸುಸ್ತಾಗಬಾರದಲ್ಲ.

ಬೇಜಾರು ಕಳೆಯಲಿಕ್ಕೆ ಬಾಗಿಲಿಗೆ ಅಂಟಿಸಿದ ನೋಟಿಸು ಓದಿದೆ. ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ಶಾಲೆ ರಸ್ತೆಗಳಲ್ಲಿ ಲಾರಿ ಓಡಬಾರದೆಂಬ ನಿಯಮವನ್ನು ತೆಗೆಯುವ ಬಗ್ಗೆ. ಪಟ್ಟಿಯಲ್ಲಿ ಮೂರನೆಯದು ನನ್ನ ಮಗಳ ಶಾಲೆಯ ರಸ್ತೆ. ಅವಳಿಗೆ ಎಂಟು ವರ್ಷ. ನಾನು ಹೀಗೆ ನಿಂತ ದಿನಗಳಲ್ಲಿ ಒಬ್ಬಳೇ ದಾಟುತ್ತಾಳೆ.

"ಅಣ್ಣಾ, ಇದು ನನ್ನ ಮಗಳು ದಾಟೋ ರಸ್ತೆ," ಎಂದೆ ಮೇಸ್ತ್ರಿಗೆ.

"ಅದನ್ನೆಲ್ಲ ಯಾಕೆ ತಲೆಗೆ ಹಚ್ಕೋತೀಯಮ್ಮ? ನಿಂದು ಕಾಲಿನ ಕೆಲಸ. ತಲೆ ಕೆಲಸದವರು ಕಾರಲ್ಲಿ ಬರ್ತಾರೆ."

ಬಂದರು. ಕಾರ್ಯದರ್ಶಿ ಫೋನಿನಲ್ಲಿ ನಗುತ್ತಾ, ನನ್ನ ಮುಖವನ್ನೂ ನೋಡದೆ ಕೈ ಚಾಚಿದರು. ನಾನು ಚೀಟಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಸಭೆಯೊಳಗೆ ಹೋಗಿ ಕೂತೆ.

"ಒಂದನೇ ನಂಬರು," ಎಂದು ಸಮಿತಿಯ ಅಧ್ಯಕ್ಷರು ಕೂಗಿದರು. ಎದ್ದು ನಿಂತೆ.

"ಸಾರ್, ಎಂಟು ಗಂಟೆಗೆ ಮಕ್ಕಳು ಶಾಲೆಗೆ ಹೋಗ್ತವೆ. ಲಾರಿ ಒಂದು ಗಂಟೆ ತಡ ಆದ್ರೆ ಸಿಮೆಂಟ್ ಮೂಟೆ ಏನೂ ಅಮ್ಮಾ ಅಂತ ಅಳಲ್ಲ. ನಿಯಮ ಹಾಗೇ ಇರ್ಲಿ."

ಎರಡನೆಯವನು ಎದ್ದು ಹಾಳೆ ಓದಿದ: ಪೂರ್ಣ ಬೆಂಬಲವಿದೆ. ಮೂರನೆಯವಳೂ ಓದಿದಳು. ಹೇಳಿಕೊಟ್ಟ ಕೆಲಸವನ್ನು ಹತ್ತೊಂಬತ್ತು ಜನವೂ ಚಾಚೂತಪ್ಪದೆ ಮಾಡಿದರು.

"ಸಾರ್, ಈ ಹೆಂಗಸು ನಮ್ಮವಳಲ್ಲ!" ಕಾರ್ಯದರ್ಶಿ ಕಿರುಚಿದರು.

ಅಧ್ಯಕ್ಷರು ಕನ್ನಡಕದ ಮೇಲಿಂದ ನೋಡಿದರು. "ಹಾಗಾದ್ರೆ ಉಳಿದ ಹತ್ತೊಂಬತ್ತು ಜನ ಯಾರ್ರೀ?"

ಕಾರ್ಯದರ್ಶಿ ಕೂತರು. ನಿಯಮ ಉಳಿಯಿತು.

ಮಾರನೆಯ ದಿನದ ಪತ್ರಿಕೆಯಲ್ಲಿ ಮಕ್ಕಳ ಮೇಲೆ ಸಂಘಕ್ಕಿರುವ ಪ್ರೀತಿಗೆ ದೊಡ್ಡ ಮೆಚ್ಚುಗೆ. ಬಂದ ಹೊಗಳಿಕೆಯನ್ನು ವಾಪಸ್ ಕಳಿಸುವಷ್ಟು ದಡ್ಡರಲ್ಲ ಅವರು. ವಾರದೊಳಗೆ ಶಾಲೆ ಗೇಟಿನ ಪಕ್ಕ ಬೋರ್ಡು ಎದ್ದಿತು: 'ಮಕ್ಕಳ ಸುರಕ್ಷತೆಯೇ ನಮ್ಮ ಉಸಿರು – ಲಾರಿ ಮಾಲೀಕರ ಸಂಘ.' ಮೇಸ್ತ್ರಿ ನನ್ನ ಹೆಸರು ಹೊಡೆದುಹಾಕಿದ. ಹಾಗಾಗಿ ಈಗ ಬೆಳಿಗ್ಗೆ ಬಿಡುವೋ ಬಿಡುವು. ಮಗಳ ಕೈ ಹಿಡಿದು ನಾನೇ ದಾಟಿಸುತ್ತೇನೆ.

ಅವಳು ಬೋರ್ಡನ್ನು ಅಕ್ಷರ ಅಕ್ಷರ ಕೂಡಿಸಿ ಓದಿದಳು. "ಅಮ್ಮ, ಇವರು ತುಂಬಾ ಒಳ್ಳೆಯವರಾ?"

"ಹೂಂ ಕಣೇ. ಅವರ ಪರವಾಗಿ ನಾನೇ ಮಾತಾಡಿದ್ದು. ಬೋರ್ಡು ಆಮೇಲೆ ಓದು, ಮೊದಲು ಆ ಕಡೆ ನೋಡು."