ಯಂತ್ರದ ಯುಗಾದಿ

ಪದದ ಕೊನೆಯ ಚರಣ ಮತ್ತೆ ಕಾಣೆಯಾಗಿತ್ತು. ಶ್ಯಾಮಲಮ್ಮ ಕಂಪ್ಯೂಟರಿನ ಪರದೆಯನ್ನು ಮೇಲಿಂದ ಕೆಳಗಿನವರೆಗೆ ಓದಿದಳು. ನಿನ್ನೆ ತಾನು ಕಣ್ಣೊರೆಸಿಕೊಳ್ಳುತ್ತ ಕೂಡಿಸಿದ ಸಾಲುಗಳ ಜಾಗದಲ್ಲಿ ಬೇರೊಂದು ಚರಣ ಬಂದು ಕುಳಿತಿತ್ತು. ರೇಷ್ಮೆಗೂಡು, ಕುದಿಯುವ ನೀರು, ಎಳೆ ಹಿಡಿದ ಕೈ ಎಂದೇನೇನೋ. ಇಷ್ಟು ವರ್ಷ ಸಂಸಾರ ಮಾಡಿದವಳು ಗಂಡನ ಬಾಯಲ್ಲಿ ಒಮ್ಮೆಯೂ ಕೇಳದ ಚರಣ.

"ಆ ಶಿಡ್ಲಘಟ್ಟದ ಹುಡುಗೀನೇ ಅಳಿಸಿರೋದು ಯಜಮಾನ್ರೇ. ನಂದು ತೆಗೆದು ಅವಳದು ಇಟ್ಟಿದ್ದಾಳೆ."

"ನಾಳೆ ಅವಳನ್ನೇ ಕರೆಸ್ತೀನಿ ಬಿಡಮ್ಮ," ಎಂದರು ಅಚ್ಚುಕೂಟದ ಯಜಮಾನ ವೆಂಕಟರಾಮಪ್ಪ.

ಅವರ ಅಚ್ಚುಕೂಟ ಚಿಂತಾಮಣಿಯಲ್ಲಿತ್ತು. ಶಿಡ್ಲಘಟ್ಟದಲ್ಲಿ ಹೊಸದಾಗಿ ತೆರೆದ ಅಂಗಡಿಯನ್ನು ಗುಲ್ಷನ್ ನೋಡಿಕೊಳ್ಳುತ್ತಿದ್ದಳು. ಎರಡು ಕಡೆಯೂ ಒಂದೊಂದು ಕಂಪ್ಯೂಟರು. ಬೆಳಿಗ್ಗೆ ಬಸ್ಸಿನ ಕಂಡಕ್ಟರು ಅಲ್ಲಿ ಕೂಡಿಸಿದ್ದನ್ನು ತುಂಬಿದ ಫ್ಲಾಪಿ ತಟ್ಟೆ ತಂದುಕೊಡುತ್ತಿದ್ದ, ಸಂಜೆ ಇಲ್ಲಿಂದ ಒಯ್ಯುತ್ತಿದ್ದ. ಅದನ್ನು ಯಂತ್ರದೊಳಗಿಟ್ಟು ಒಂದು ಕಮ್ಯಾಂಡು ಕೊಟ್ಟರೆ ಎರಡೂ ಕಡೆಯ ಪುಸ್ತಕ ಒಂದೇ ಆಗಬೇಕು.

ಪುಸ್ತಕ ನಲ್ಲಪ್ಪನ ತತ್ವಪದಗಳದು. ಜೀವಮಾನವೆಲ್ಲ ಆ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸಿದ ನಲ್ಲಪ್ಪ ಕಾರ್ತಿಕದಲ್ಲಿ ತೀರಿಕೊಂಡ ಮೇಲೆ ಅವನ ಕುರ್ಚಿ ಹೆಂಡತಿ ಶ್ಯಾಮಲಮ್ಮನಿಗೆ ಬಂದಿತ್ತು. ಅವನು ಹಾಡುತ್ತಿದ್ದನೇ ಹೊರತು ಬರೆದಿಟ್ಟವನಲ್ಲ. ಶ್ಯಾಮಲಮ್ಮ ನೆನಪಿನಿಂದ ಕೂಡಿಸುತ್ತಿದ್ದಳು. ಬೆರಳು ನಿಧಾನ. ಭಜನೆಯವರು ಕ್ಯಾಸೆಟ್ಟಿನಲ್ಲಿ ಹಾಡಿ ಕೊಟ್ಟಿದ್ದ ಪದಗಳನ್ನು ಯಜಮಾನರು ಗುಲ್ಷನ್‌ಗೆ ಕೊಟ್ಟುಬಿಟ್ಟರು. "ಚುರುಕು ಹುಡುಗಿ," ಎಂದು ಎದುರಿಗೇ ಹೊಗಳಿದರು. ಅಂದಿನಿಂದ ಫ್ಲಾಪಿಯ ಮೇಲಿನ ಅವಳ ದುಂಡು ಅಕ್ಷರ ಕಂಡರೂ ಶ್ಯಾಮಲಮ್ಮ ಅದನ್ನು ಮಗುಚಿಡುತ್ತಿದ್ದಳು. ಆ ರೇಷ್ಮೆಗೂಡಿನ ಚರಣವನ್ನಂತೂ ಎಷ್ಟು ರಾಗವಿಲ್ಲದೆ ಓದಿದರೂ ಅದು ನಲ್ಲಪ್ಪನ ದನಿಯಲ್ಲೇ ಕೇಳಿಸುತ್ತಿತ್ತು. ಅದೇ ಸಹಿಸಲಾಗದ್ದು.

ಮಾರನೆಯ ಬೆಳಿಗ್ಗೆ ಕರೆಂಟಿರಲಿಲ್ಲ. ಶ್ಯಾಮಲಮ್ಮ ಎಂದಿನಂತೆ ಯಂತ್ರದ ಮುಂದೆ ಊದುಬತ್ತಿ ಹಚ್ಚಿ ಕುಳಿತಳು. ಈ ಪದ್ಧತಿ ನಲ್ಲಪ್ಪನದೇ. ಯಂತ್ರ ಬಂದದ್ದು ಆಷಾಢದಲ್ಲಿ. ಶೂನ್ಯಮಾಸದಲ್ಲಿ ಶುರುಮಾಡುವುದಿಲ್ಲ ಎಂದು ಯಜಮಾನರು ಹಟ ಹಿಡಿದರು. "ಯಂತ್ರಕ್ಕೆ ಯಾವ ಆಷಾಢ ಯಜಮಾನ್ರೇ? ಯುಗಾದಿ ಅಂತ ಹೇಳಿದ್ರೆ ಯುಗಾದಿ," ಎಂದು ನಗುತ್ತ ನಲ್ಲಪ್ಪ ಕಳೆದ ಯುಗಾದಿಯ ತಾರೀಖನ್ನೇ ಒತ್ತಿದ್ದ. ಆಮೇಲೆ ಕಾಯಿ ಒಡೆದಿದ್ದರು. ಹಳೆಯ ಯಂತ್ರ, ಆರಿಸಿದರೆ ಎಲ್ಲ ಮರೆಯುತ್ತಿತ್ತು. ಹಚ್ಚಿದಾಗಲೆಲ್ಲ ತಾರೀಖು ಕೇಳುತ್ತಿತ್ತು. ನಲ್ಲಪ್ಪ ದಿನವೂ ಯುಗಾದಿಯನ್ನೇ ಒತ್ತಿದ. ಅವನು ಹೋದ ಮೇಲೆ ಶ್ಯಾಮಲಮ್ಮನೂ ಒತ್ತಿದಳು. ಆ ತಾರೀಖಿನಲ್ಲಿ ಅವನು ಇನ್ನೂ ಇದ್ದ.

ಗುಲ್ಷನ್ ಬಸ್ಸಿಳಿದು ಬಂದು, ಹೊಸ್ತಿಲಾಚೆ ಚಪ್ಪಲಿ ಬಿಟ್ಟು ನಿಂತಳು.

"ಏನಮ್ಮ, ಈಯಮ್ಮ ಹಾಕಿದ್ದನ್ನೆಲ್ಲ ಅಳಿಸ್ತೀಯಂತೆ?" ಎಂದರು ಯಜಮಾನರು.

"ಅಲ್ಲಾನಾಣೆ ಇಲ್ಲ ಸಾರ್. ಅಮ್ಮ ಹಾಕಿದ್ದು ಒಂದಿನಾನೂ ನಂಗೆ ಬಂದೇ ಇಲ್ಲ. ಬಂದಿದ್ರೆ ತಾನೇ ಅಳಿಸೋದು?"

"ಹಂಗಾದ್ರೆ ಆ ಗೂಡಿನ ಚರಣ ಎಲ್ಲಿಂದ ಬಂತು?" ಶ್ಯಾಮಲಮ್ಮ ಕೇಳಿದಳು. "ನಿಮ್ಮಪ್ಪ ಕಟ್ಟಿದ್ನಾ?"

"ನಲ್ಲಪ್ಪನೋರೇ ಹೇಳ್ತಿದ್ರಮ್ಮ. ನಮ್ಮ ರೇಷ್ಮೆ ನೂಲಿನ ಶೆಡ್ಡಿಗೆ ಬಿಲ್ ಪುಸ್ತಕ ತಂದುಕೊಡೋರು. ನಮ್ಮ ಅಬ್ಬಾ ಚಾ ಕೊಟ್ಟು, 'ಒಂದು ಪದ ಹೇಳ್ರಿ' ಅನ್ನೋರು. ಗೂಡು ಬೇಯಿಸೋರನ್ನ ನೋಡ್ತಾ ಅಲ್ಲೇ ಕಟ್ಟಿದ್ದು. ಕ್ಯಾಸೆಟ್ಟಲ್ಲಿ ಇರಲಿಲ್ಲ, ನಾನೇ ಸೇರಿಸ್ದೆ."

"ಮನೇಲಿ ಎರಡು ಮಾತಾಡೋಕೆ ಬಿಡುವಿರಲಿಲ್ಲ. ಶೆಡ್ಡಲ್ಲಿ ಚಾ ಕುಡ್ಕೊಂಡು ಪದ ಕಟ್ತಿದ್ರಾ!" ಎಂದಳು ಶ್ಯಾಮಲಮ್ಮ.

ವೆಂಕಟರಾಮಪ್ಪ ಕೈಯೆತ್ತಿದರು. "ಸಾಕು ನಿಲ್ಸಿ. ಭಜನೆಯವರ ಗುರುಪೂಜೆ ಹತ್ರ ಬಂತು, ಅಷ್ಟರೊಳಗೆ ಬರಬೇಕಾದ ಪುಸ್ತಕ ಕೆಡಬಾರ್ದು. ನಾಳೆಯಿಂದ ನೀನು ಬರಬೇಡಮ್ಮ ಗುಲ್ಷನ್. ಅಂಗಡಿ ಬೀಗದ ಕೈ ಇಟ್ಟು ಹೋಗು."

ಹುಡುಗಿ ಒಳಗೆ ಒಂದು ಹೆಜ್ಜೆ ಬಂದಳು. "ನಾನಲ್ಲ ಸಾರ್, ಯಂತ್ರ. ಒಂದೇ ಪದ ಎರಡು ಕಡೆ ಬೇರೆ ಬೇರೆ ಇದ್ರೆ, ಯಾವುದರ ತಾರೀಖು ಈಚಿನದೋ ಅದನ್ನ ಇಟ್ಕೊಂಡು ಹಳೇದನ್ನ ಒರೆಸಿಹಾಕುತ್ತೆ. ಅಮ್ಮ ನನಗಿಂತ ಆಮೇಲೆ ತಾನೇ ಕೂಡಿಸೋದು? ಅಮ್ಮಂದೇ ಉಳೀಬೇಕು. ಯಾಕೆ ಹಿಂಗಾಗುತ್ತೋ ನಂಗೂ ಗೊತ್ತಾಗ್ತಿಲ್ಲ."

ಯಜಮಾನರು ಮುಖ ತಿರುಗಿಸಿದರು. ಅಷ್ಟರಲ್ಲಿ ಕರೆಂಟು ಬಂತು. ಯಂತ್ರ ಗುರುಗುಟ್ಟಿ ಎದ್ದು ತಾರೀಖು ಕೇಳಿತು.

ಶ್ಯಾಮಲಮ್ಮನ ಬೆರಳು ಯುಗಾದಿಯ ಮೊದಲ ಅಂಕಿಯ ಮೇಲೆ ಹೋಗಿ ಅಲ್ಲೇ ನಿಂತಿತು. ಹಿಂದೆ ಬೀಗದ ಕೈ ಮೇಜಿನ ಮೇಲೆ ಬಿದ್ದ ಸದ್ದು. ಗುಲ್ಷನ್ ಹೊಸ್ತಿಲು ದಾಟಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು. ಸುಮ್ಮನಿದ್ದುಬಿಟ್ಟರೆ ಇನ್ನು ಆ ಪದಗಳೆಲ್ಲ ತನ್ನೊಬ್ಬಳವೇ. ಗೂಡಿನ ಚರಣವನ್ನು ಯಾರೂ ಕೇಳುವುದಿಲ್ಲ.

"ಗುಲ್ಷನ್," ಎಂದಳು ತಿರುಗದೆ. "ಇವತ್ತು ತಾರೀಖು ಎಷ್ಟಮ್ಮ?"

ಗುಲ್ಷನ್ ಹೊರಗಿನಿಂದಲೇ ಹೇಳಿದಳು. ಶ್ಯಾಮಲಮ್ಮ ಅಂಕಿಗಳನ್ನು ಒಂದೊಂದಾಗಿ ಹುಡುಕಿ ಒತ್ತಿದಳು.

"ಯಾಕಮ್ಮ, ಏನಾಯ್ತು?" ಎಂದರು ಯಜಮಾನರು.

"ಆ ಹುಡುಗಿ ತಪ್ಪಿಲ್ಲ ಯಜಮಾನ್ರೇ. ನಾನು ಇಲ್ಲೀವರೆಗೂ ಯುಗಾದೀನೇ ಹಾಕ್ತಿದ್ದೆ, ಯಂತ್ರಕ್ಕೆ ನಂದೇ ಹಳೇದು. ಬೀಗದ ಕೈ ಕೊಟ್ಟು ಕಳಿಸಿ." ದನಿ ಇನ್ನೂ ಗಡುಸಾಗಿಯೇ ಇತ್ತು. "ಶೆಡ್ಡಲ್ಲಿ ಹೇಳಿದ್ದು ಇನ್ನೇನಾದ್ರೂ ಇದ್ರೆ ಅದನ್ನೂ ಹಾಕಲಿ."

ಪರದೆಯ ಮೇಲೆ ಗೂಡಿನ ಚರಣ ತೆರೆದುಕೊಂಡಿತು. ಅವಳು ಅದರ ಕೆಳಗೆ ಸಾಲು ಬಿಟ್ಟು, ತನ್ನ ಚರಣವನ್ನು ಮೊದಲಿನಿಂದ ಕೂಡಿಸತೊಡಗಿದಳು. ಪಕ್ಕದಲ್ಲಿ ಊದುಬತ್ತಿ ಬುಡದವರೆಗೂ ಉರಿದಿತ್ತು. ಬೂದಿ ಉದುರದೆ ಬಾಗಿ ನಿಂತಿತ್ತು.